ಜಾವಾ ದ್ವೀಪದ ಒಂದು ಕಡಲತೀರದ ಗ್ರಾಮ: ಅಲ್ಲಿಯ ಜೀವನವೂ ಸ್ಥಿರಾಸ್ತಿಯೂ

ಭೂಮಿಯನ್ನು ಸ್ಥಿರಾಸ್ತಿಯೆಂದು ಕರೆಯುವ ವಾಡಿಕೆಯು ಬಹು ಹಿಂದಿನಿಂದ ನಡೆದುಬಂದಿದೆ. ದನಕರುಗಳು ರೋಗದಿಂದ ಸಾಯಬಹುದು, ಕಣಜದ ಧಾನ್ಯಕ್ಕೆ ಹುಳು ಬೀಳಬಹುದು, ಒಡವೆಯು ಕಳುವಾಗಬಹುದು. ಹೊಲಗದ್ದೆಗಳು ಮಾತ್ರ ಇದ್ದಲ್ಲಿಯೇ ಇರುವುವು ಎಂಬ ನಂಬಿಕೆಯಿಂದಲೇ ರೈತನು ಹೊಟ್ಟೆಬಟ್ಟೆ ಕಟ್ಟಿ ಉಳಿಸಿದ ಹಣವನ್ನು ಭೂಮಿಗೆ ಹಾಕುತ್ತಾನೆ. ಈ ನಂಬಿಕೆಯು ಒಂದು ಗ್ರಾಮದವರ ಕಣ್ಣೆದುರಿಗೇ, ಒಂದೇ ತಲೆಮಾರಿನ ಅವಧಿಯೊಳಗೆ ಸುಳ್ಳಾದ ಬಗೆಯನ್ನು ಗ್ರಾಮಪ್ರಮುಖರ ಮತ್ತು ಭೂಮಾಲೀಕರ ಅವಗಾಹನೆಗೆ ತರುವುದು ಈ ಲೇಖನದ ಉದ್ದೇಶ.

ಆ ಗ್ರಾಮವು ಇಂಡೊನೇಷಿಯಾ ದೇಶದ ಜಾವಾ ದ್ವೀಪದಲ್ಲಿರುವ ತಿಂಬುಲ್‌ಸ್ಲೊಕೊ. ಅಲ್ಲಿ ಜಮೀನಿನ ದಾಖಲೆಗಳಿವೆ, ಹಕ್ಕುದಾರರೂ ಬದುಕಿದ್ದಾರೆ. ಜಮೀನಿನ ಬಹುಭಾಗ ಮಾತ್ರ ಕಡಲಿನ ಕೆಳಗಿದೆ.

ಸ್ಥಳ ಪರಿಚಯ

ಜಾವಾದ ಉತ್ತರ ತೀರದಲ್ಲಿ ಸೆಮಾರಾಂಗ್ ಎಂಬ ದೊಡ್ಡ ರೇವುಪಟ್ಟಣವಿದೆ. ಅದಕ್ಕೆ ಪೂರ್ವದಲ್ಲಿ ದೆಮಾಕ್ ಜಿಲ್ಲೆಯು ಮೊದಲಾಗುತ್ತದೆ. ಆ ಜಿಲ್ಲೆಯ ಸಾಯುಂಗ್ ಎಂಬ ಉಪವಿಭಾಗದಲ್ಲಿ, ಸಮುದ್ರದ ಅಂಚಿನಲ್ಲಿ, ತಿಂಬುಲ್‌ಸ್ಲೊಕೊ, ಬೆದೊನೊ ಮೊದಲಾದ ಗ್ರಾಮಗಳಿವೆ. ಒಂದೊಂದು ಗ್ರಾಮಕ್ಕೂ ನಮ್ಮ ಮಜರೆಗಳಂತೆ ಹಲವು ಕೇರಿಗಳು ಸೇರಿರುತ್ತವೆ.

ಈ ಸೀಮೆಯ ನೆಲವು ಹಳೆಯದಲ್ಲ. ದೆಮಾಕ್ ಹದಿನೈದು ಹದಿನಾರನೆಯ ಶತಮಾನಗಳಲ್ಲಿ ಒಂದು ಸುಲ್ತಾನರ ರಾಜ್ಯದ ರಾಜಧಾನಿಯಾಗಿತ್ತು. ಆಗ ಅದು ಕಡಲಿಗೆ ಬಹು ಸಮೀಪದಲ್ಲಿದ್ದು, ಎದುರಿಗಿನ ಮುರಿಯಾ ಪರ್ವತವನ್ನು ಒಂದು ಜಲಸಂಧಿಯು ಪ್ರತ್ಯೇಕಿಸಿತ್ತು. ಹೊಳೆಗಳು ತಂದು ಸುರಿದ ಮೆಕ್ಕಲುಮಣ್ಣಿನಿಂದ ಆ ಜಲಸಂಧಿಯು ಕ್ರಮೇಣ ಮುಚ್ಚಿಹೋಗಿ ಗದ್ದೆಬಯಲಾಯಿತು. ಹೀಗೆ ಹೊಳೆಯೂ ಕಡಲೂ ಕೂಡಿ ಕೊಟ್ಟ ನೆಲವು ಬಹು ಮೃದುವಾದದ್ದು. ಹೊಸ ಮಣ್ಣು ಬಂದು ಕೂಡುತ್ತಿರುವ ತನಕ ಮಾತ್ರ ಅದು ನೀರಿನ ಮೇಲೆ ನಿಲ್ಲಬಲ್ಲುದು. ಈ ಸಂಗತಿಯನ್ನು ಮೊದಲೇ ಮನಸ್ಸಿನಲ್ಲಿಟ್ಟುಕೊಂಡರೆ ಮುಂದಿನದೆಲ್ಲ ಸುಲಭವಾಗಿ ತಿಳಿಯುವುದು.

ಭೂಮಿಯ ಲೆಕ್ಕಪತ್ರಗಳು

ಜಾವಾದ ಭೂಕಂದಾಯದ ಇತಿಹಾಸಕ್ಕೂ ನಮ್ಮ ನಾಡಿಗೂ ಒಂದು ಸಂಬಂಧವಿರುವುದನ್ನು ಇಲ್ಲಿ ಹೇಳಬೇಕು. ಡಚ್ಚರ ವಶದಲ್ಲಿದ್ದ ಆ ದ್ವೀಪವನ್ನು ೧೮೧೧ರಲ್ಲಿ ಇಂಗ್ಲಿಷರು ಗೆದ್ದು ೧೮೧೬ರ ವರೆಗೆ ಆಳಿದರು. ಶ್ರೀರಂಗಪಟ್ಟಣವು ಬಿದ್ದ ಬಳಿಕ ಮೈಸೂರು ಸೀಮೆಯನ್ನು ಅಳೆದ ಕರ್ನಲ್ ಕಾಲಿನ್ ಮೆಕೆಂಜಿಯವರೇ ಆ ದಂಡಿನೊಡನೆ ಜಾವಾಕ್ಕೆ ಹೋಗಿ, ಅಲ್ಲಿಯ ಭೂಹಿಡುವಳಿಯ ಪದ್ಧತಿಗಳನ್ನು ವಿಚಾರಿಸಲು ನೇಮಿಸಿದ ಮಂಡಲಿಯ ಮುಖ್ಯಸ್ಥರಾದರು. ಅನಂತರ ರ‍್ಯಾಫಲ್ಸ್ ಎಂಬ ಅಧಿಕಾರಿಯು ಮದರಾಸು ಆಧಿಪತ್ಯದ ರೈತವಾರಿ ಪದ್ಧತಿಯನ್ನು ನೋಡಿ, ಜಾವಾದಲ್ಲಿಯೂ ಭೂಕಂದಾಯವನ್ನು ಏರ್ಪಡಿಸಿದನು. ನೀರಾವರಿಯ ಗದ್ದೆಗಳಲ್ಲಿ ಉತ್ತಮ ತರಕ್ಕೆ ಬೆಳೆಯ ಅರ್ಧಪಾಲು, ಮಧ್ಯಮಕ್ಕೆ ಐದರಲ್ಲಿ ಎರಡು ಪಾಲು, ಕನಿಷ್ಠಕ್ಕೆ ಮೂರರಲ್ಲಿ ಒಂದು ಪಾಲು ಎಂದು ದರವನ್ನು ಗೊತ್ತುಮಾಡಲಾಯಿತು. ದ್ವೀಪವು ಡಚ್ಚರಿಗೆ ಮರಳಿದ ಮೇಲೆಯೂ ಈ ಕಂದಾಯವು ರೂಪಾಂತರಗಳೊಡನೆ ಮುಂದುವರಿಯಿತು.

ಈ ಕಂದಾಯದ ಲೆಕ್ಕದಿಂದಲೇ ಅಲ್ಲಿಯ ಗ್ರಾಮದಾಖಲೆಗಳು ಹುಟ್ಟಿದವು. ಗ್ರಾಮದ ಕಚೇರಿಯಲ್ಲಿ ‘ಸಿ’ ಪುಸ್ತಕವೆಂಬ ದೊಡ್ಡ ಖಾತೆವಹಿಯಿರುತ್ತದೆ. ಯಾರ ಹೆಸರಿಗೆ ಎಷ್ಟು ಗದ್ದೆ, ಎಷ್ಟು ಹಿತ್ತಲು, ಯಾವ ತರ, ಎಷ್ಟು ತೆರಿಗೆ ಎಂಬುದನ್ನೂ, ಕ್ರಯ ಅಥವಾ ವಾರಸಿನಿಂದಾದ ಬದಲಾವಣೆಗಳನ್ನೂ ಅದರಲ್ಲಿ ಬರೆಯುವರು. ಇದನ್ನು ನೋಡಿಕೊಳ್ಳುವವನಿಗೆ ‘ಚಾರಿಕ್’ ಎಂದು ಹೆಸರು. ಹಿಂದೆ ನಮ್ಮಲ್ಲಿದ್ದ ಶ್ಯಾನುಭೋಗರ ಕೆಲಸವೇ ಅವನದು. ತೆರಿಗೆಯ ಪತ್ರಕ್ಕೆ ‘ಗಿರಿಕ್’ ಅಥವಾ ‘ಪೆತೊಕ್’ ಎನ್ನುವರು. ಹಳ್ಳಿಯವರು ಇದನ್ನೇ ತಮ್ಮ ಹಕ್ಕಿನ ಪತ್ರವೆಂದು ಪೆಟ್ಟಿಗೆಯಲ್ಲಿ ಜೋಪಾನವಾಗಿಟ್ಟುಕೊಳ್ಳುವರಾದರೂ, ಕಾನೂನಿನ ದೃಷ್ಟಿಯಲ್ಲಿ ಅದು ಒಂದು ಪುರಾವೆಯೇ ಹೊರತು ಸಂಪೂರ್ಣ ಪ್ರಮಾಣವಲ್ಲ. ಸರಕಾರದ ಭೂನೋಂದಣಿ ಕಚೇರಿಯು ಅಳತೆಮಾಡಿ ಕೊಡುವ ಹಕ್ಕುಪತ್ರವೇ ಬಲವಾದ ಆಧಾರ. ೨೦೧೭ರಿಂದೀಚೆಗೆ ಊರೂರಿನ ಎಲ್ಲ ಜಮೀನುಗಳನ್ನೂ ಕ್ರಮವಾಗಿ ಅಳೆದು ನೋಂದಣಿ ಮಾಡುವ ಕಾರ್ಯವನ್ನು ಅಲ್ಲಿಯ ಸರಕಾರವು ಕೈಕೊಂಡಿತು. ೨೦೨೧ರ ಒಂದು ನಿಯಮವು ಹಳೆಯ ಪತ್ರಗಳುಳ್ಳವರು ಐದು ವರ್ಷಗಳೊಳಗಾಗಿ ತಮ್ಮ ಜಮೀನನ್ನು ನೋಂದಾಯಿಸಬೇಕೆಂದು ಗಡುವನ್ನೂ ವಿಧಿಸಿತು.

ಗ್ರಾಮದ ಮುಖ್ಯಸ್ಥನನ್ನು ಹಳ್ಳಿಗರೇ ಮತಕೊಟ್ಟು ಆರಿಸುವರು. ೨೦೧೪ರ ಗ್ರಾಮ ಕಾನೂನಿನಲ್ಲಿ ಅವನ ಅವಧಿಯು ಆರು ವರ್ಷಗಳಾಗಿದ್ದು, ೨೦೨೪ರ ತಿದ್ದುಪಡಿಯಿಂದ ಎಂಟು ವರ್ಷಗಳಾಯಿತು. ಜಾವಾದಲ್ಲಿ ಗ್ರಾಮದ ಅಧಿಕಾರಿಗಳಿಗೆ ಸಂಬಳಕ್ಕೆ ಬದಲಾಗಿ ಗ್ರಾಮದ ಸಾಮಾನ್ಯ ಭೂಮಿಯಲ್ಲಿ ಕೆಲವು ಗದ್ದೆಗಳನ್ನು ಬಿಟ್ಟುಕೊಡುವ ಪದ್ಧತಿಯು ಪೂರ್ವದಿಂದ ಬಂದದ್ದು. ಈ ಗದ್ದೆಗಳಿಗೆ ‘ಬೆಂಗ್ಕೊಕ್’ ಎಂದು ಹೆಸರು. ನಮ್ಮ ಹಿರಿಯರ ಕಾಲದ ಉಂಬಳಿಯನ್ನು ಇದು ಜ್ಞಾಪಕಕ್ಕೆ ತರುತ್ತದೆ. ಅಧಿಕಾರ ಮುಗಿದೊಡನೆ ಗದ್ದೆಯು ಮುಂದಿನವನಿಗೆ ಹೋಗುವುದೇ ಹೊರತು ಅದು ಮನೆತನದ ಆಸ್ತಿಯಾಗುವುದಿಲ್ಲ.

ಕುಟುಂಬದ ಪಾಲು ಮತ್ತು ವಾರದ ಸಾಗುವಳಿ

ಜಾವಾದ ಒಕ್ಕಲು ಮಕ್ಕಳಲ್ಲಿ ತಂದೆತಾಯಿಯರ ಆಸ್ತಿಯಲ್ಲಿ ಗಂಡುಮಕ್ಕಳಿಗೂ ಹೆಣ್ಣುಮಕ್ಕಳಿಗೂ ಪಾಲುಂಟು. ಹಲವೆಡೆ ಸಮಪಾಲು ಮಾಡುವರು. ಕೆಲವೆಡೆ, ಗಂಡಸು ಅಡ್ಡೆಯ ಎರಡೂ ತುದಿಗೆ ಹೊರೆ ಕಟ್ಟಿ ಹೊರುತ್ತಾನೆ, ಹೆಂಗಸು ಬೆನ್ನಿನ ಜೋಳಿಗೆಯಲ್ಲಿ ಒಂದೇ ಹೊರೆ ಹೊರುತ್ತಾಳೆ ಎಂಬ ನಿದರ್ಶನವನ್ನು ಹೇಳಿ, ಮಗನಿಗೆ ಎರಡು, ಮಗಳಿಗೆ ಒಂದು ಎಂದು ಹಂಚುವರು. ಮದುವೆಯಾದ ಮೇಲೆ ಗಂಡಹೆಂಡಿರು ಕೂಡಿ ಗಳಿಸಿದ ಆಸ್ತಿಯನ್ನು ಬೇರೆಯಾಗಿಯೇ ಎಣಿಸುವರು. ಅದರಲ್ಲಿ ಇಬ್ಬರಿಗೂ ಹಕ್ಕುಂಟು.

ಭೂಮಿಯಿಲ್ಲದವರು ವಾರಕ್ಕೆ ಸಾಗುವಳಿ ಮಾಡುವರು. ಅರ್ಧಪಾಲಿನ ಕರಾರಿಗೂ ಮೂರನೆಯ ಒಂದು ಪಾಲಿನ ಕರಾರಿಗೂ ಬೇರೆ ಬೇರೆ ಹೆಸರುಗಳಿವೆ. ಹಣದ ತೊಂದರೆಗೆ ಸಿಕ್ಕಿದವರು ಗದ್ದೆಯನ್ನು ಭೋಗ್ಯಕ್ಕೆ ಕೊಡುವುದೂ ಉಂಟು.

ಆ ದೇಶದ ರೂಢಿಯಲ್ಲಿ ಭೂಮಿ ಬೇರೆ, ಅದರ ಮೇಲಿನ ಮನೆ ಮತ್ತು ಮರ ಬೇರೆ. ಒಬ್ಬನ ನೆಲದಲ್ಲಿ ಇನ್ನೊಬ್ಬನ ತೆಂಗಿನ ಮರವಿರಬಹುದು. ಹಳೆಯ ಮಾದರಿಯ ಮರದ ಮನೆಯನ್ನು ಕೀಲು ಕಳಚಿ, ಕಂಬ ತೊಲೆಗಳನ್ನು ಹೊತ್ತುಕೊಂಡು ಹೋಗಿ ಬೇರೆ ಕಡೆ ನಿಲ್ಲಿಸಬಹುದು. ಆದಕಾರಣ ಅಲ್ಲಿ ಮನೆಯೇ ಚಲಿಸಬಲ್ಲ ಆಸ್ತಿ, ನೆಲವೇ ಸ್ಥಿರವಾದ ಆಸ್ತಿಯೆಂದು ಜನರು ಭಾವಿಸಿದ್ದರು. ತಿಂಬುಲ್‌ಸ್ಲೊಕೊದಲ್ಲಿ ಇದು ತಲೆಕೆಳಗಾಯಿತು: ಮನೆಗಳು ನಿಂತಿವೆ, ನೆಲವು ಹೋಗಿದೆ.

ಭತ್ತದಿಂದ ಸೀಗಡಿಗೆ

ಸುಮಾರು ಐವತ್ತು ವರ್ಷಗಳ ಹಿಂದೆ ಈ ಗ್ರಾಮದಲ್ಲಿ ಭತ್ತದ ಗದ್ದೆಗಳೂ, ತೆಂಗಿನ ಮರಗಳೂ, ತರಕಾರಿಯ ಹಿತ್ತಲುಗಳೂ ಇದ್ದವು. ಕಡಲ ಕಡೆಗೆ ಕಾಂಡ್ಲಾ ಕಾಡಿನ ಪಟ್ಟಿಯಿತ್ತು. ಅದರ ಹಿಂದೆ ಉಪ್ಪುನೀರಿನ ಮೀನುಕೆರೆಗಳಿದ್ದವು. ನಮ್ಮ ಉತ್ತರ ಕನ್ನಡ ಜಿಲ್ಲೆಯ ಗಜನಿ ಭೂಮಿಯಲ್ಲಿ ಕಟ್ಟೆ ತೂಬುಗಳಿಂದ ಉಪ್ಪುನೀರನ್ನು ಅಂಕೆಯಲ್ಲಿಟ್ಟು ಕಗ್ಗ ಭತ್ತವನ್ನೂ ಮೀನು ಸೀಗಡಿಗಳನ್ನೂ ಪಡೆಯುವುದನ್ನು ಬಲ್ಲವರಿಗೆ ಇಂಥ ಕೆರೆಗಳ ಕಲ್ಪನೆಯು ಸುಲಭವಾಗಿ ಬರುವುದು. ಜಾವಾದವರು ಇವುಗಳನ್ನು ‘ತಂಬಾಕ್’ ಎನ್ನುವರು. ಹೂಮೀನು ಸಾಕುವುದು ಅವರಲ್ಲಿ ಬಹು ಹಳೆಯ ಕಸುಬು.

೧೯೮೦ರಲ್ಲಿ ಅಲ್ಲಿಯ ಸರಕಾರವು ಸಮುದ್ರದ ತಳವನ್ನು ಬಾಚುವ ದೊಡ್ಡ ಬಲೆಗಳ ದೋಣಿಗಳನ್ನು ನಿಷೇಧಿಸಿತು. ಹೊರದೇಶಗಳಲ್ಲಿ ಸೀಗಡಿಗೆ ಒಳ್ಳೆಯ ಬೆಲೆಯಿದ್ದುದರಿಂದ, ಕೆರೆಗಳಲ್ಲಿಯೇ ಸೀಗಡಿಯನ್ನು ಬೆಳೆಸಬೇಕೆಂದು ಉತ್ತೇಜನ ಕೊಡಲಾಯಿತು. ತೀರದುದ್ದಕ್ಕೂ ಜನರು ಗದ್ದೆಗಳನ್ನು ಅಗೆದು ಕೆರೆ ಮಾಡಿದರು. ಕಾಂಡ್ಲಾ ಗಿಡಗಳನ್ನು ಕಡಿದು ಕಡಲಿನ ಅಂಚಿನ ತನಕ ಕಟ್ಟೆ ಹಾಕಿದರು. ಆರಂಭದಲ್ಲಿ ಲಾಭವು ಚೆನ್ನಾಗಿಯೇ ಬಂದಿತು. ಅನಂತರ ೧೯೯೦ರಿಂದೀಚೆಗಿನ ವರ್ಷಗಳಲ್ಲಿ ಸೀಗಡಿಗೆ ರೋಗಗಳು ತಗಲಿ ಕೆರೆಗಳು ಬರಿದಾದವು.

ಇಲ್ಲಿ ಗಮನಿಸಬೇಕಾದ ವಿಷಯವೊಂದಿದೆ. ಪ್ರತಿಯೊಬ್ಬನೂ ತನ್ನ ತನ್ನ ಎಲ್ಲೆಯೊಳಗೇ ಕೆಲಸ ಮಾಡಿದನು. ನೆರೆಯವನ ಬದುವನ್ನು ಯಾರೂ ಒತ್ತಲಿಲ್ಲ. ತನ್ನ ಜಮೀನಿನ ಮುಂದಿನ ನಾಲ್ಕು ಗಿಡಗಳನ್ನು ಕಡಿದರೆ ಊರಿಗೆ ಕೇಡಾಗುವುದೆಂದು ಯಾರಿಗೂ ತೋರಲಿಲ್ಲ. ಎಲ್ಲರ ಗಿಡಗಳೂ ಹೋದಾಗ ತೀರದ ಬೇಲಿಯೇ ಹೋಯಿತು.

ನೆಲವು ನೀರಿಗೆ ಸೇರಿದ ಬಗೆ

ಕೆಸರುಮಣ್ಣಿನ ತೀರದಲ್ಲಿ ಅಲೆಗಳು ಮಣ್ಣನ್ನು ಒಯ್ಯುವುದೂ, ಭರತದ ನೀರು ಮಣ್ಣನ್ನು ತರುವುದೂ ನಿತ್ಯವೂ ನಡೆಯುವ ಕ್ರಿಯೆ. ಕಾಂಡ್ಲಾ ಗಿಡಗಳ ಬೇರುಗಳು ಅಲೆಯ ರಭಸವನ್ನು ಮುರಿದು, ನೀರಿನಲ್ಲಿ ಬಂದ ಮಣ್ಣನ್ನು ತಮ್ಮ ಬುಡದಲ್ಲಿ ಹಿಡಿದುಕೊಳ್ಳುತ್ತವೆ. ಹೀಗೆ ಜಮೆ ಖರ್ಚು ಸರಿದೂಗುತ್ತದೆ. ಗಿಡಗಳನ್ನು ತೆಗೆದು ನೆಟ್ಟಗಿನ ಕಟ್ಟೆ ಕಟ್ಟಿದಲ್ಲಿ ಅಲೆಯು ಕಟ್ಟೆಗೆ ಬಡಿದು ಹಿಂದಿರುಗುವಾಗ ಅದರ ಬುಡದ ಮಣ್ಣನ್ನೇ ಕೊರೆಯುತ್ತದೆ. ಆಗ ಖರ್ಚು ಮಾತ್ರವುಂಟು, ಜಮೆಯಿಲ್ಲ. ರೇವಿನ ಕಟ್ಟಡಗಳು ತೀರದ ನೀರಿನ ಸೆಳೆತವನ್ನು ಬದಲಿಸಿದುದೂ ಕೊರೆತಕ್ಕೆ ಸಹಾಯಕವಾಯಿತು.

ಇದಕ್ಕಿಂತ ದೊಡ್ಡ ಕಾರಣವು ಕಣ್ಣಿಗೆ ಕಾಣದಂತೆ ನೆಲದ ಕೆಳಗೆ ನಡೆಯಿತು. ಸೆಮಾರಾಂಗ್ ನಗರವೂ ಅದರ ಸುತ್ತಿನ ಕಾರ್ಖಾನೆಗಳೂ ಆಳವಾದ ಕೊಳವೆ ಬಾವಿಗಳಿಂದ ನೀರನ್ನು ಎತ್ತುತ್ತ ಬಂದವು. ಹಳ್ಳಿಗಳಲ್ಲಿಯೂ ಇಂಥ ಬಾವಿಗಳಾದವು. ಮೃದುವಾದ ಮೆಕ್ಕಲುಮಣ್ಣಿನ ಪದರಗಳೊಳಗಿನ ನೀರನ್ನು ತೆಗೆದರೆ ಆ ಪದರಗಳು ಹಿಂಡಿದ ಅರಿವೆಯಂತೆ ಕುಗ್ಗುತ್ತವೆ. ಮೇಲಿನ ನೆಲವು ಕುಸಿಯುತ್ತದೆ. ಈ ತೀರದ ಕೆಲವೆಡೆಗಳಲ್ಲಿ ನೆಲವು ವರ್ಷಕ್ಕೆ ೮ರಿಂದ ೧೦ ಸೆಂಟಿಮೀಟರುಗಳಷ್ಟು ಇಳಿಯುತ್ತಿರುವುದು ಅಳತೆಗಳಿಂದ ಗೊತ್ತಾಗಿದೆ. ಭೂಮಂಡಲದ ಸಮುದ್ರಮಟ್ಟವು ಏರುತ್ತಿರುವುದಾದರೋ ವರ್ಷಕ್ಕೆ ಸುಮಾರು ೪ ಮಿಲಿಮೀಟರು. ಅಂದರೆ, ಇಂಥ ಸ್ಥಳಗಳಲ್ಲಿ ಕಡಲು ಒಂದು ಪಾಲು ಮೇಲೇರಿದರೆ ನೆಲವು ಇಪ್ಪತ್ತು ಪಾಲು ಕೆಳಗಿಳಿಯುತ್ತಿದೆ.

ಪರಿಣಾಮವು ಬೇಗನೆ ಕಾಣಿಸಿತು. ಭರತದ ದಿನಗಳಲ್ಲಿ ಅಂಗಳಕ್ಕೆ ನೀರು ಬರತೊಡಗಿತು. ಮೊದಲು ಭತ್ತವು ಹೋಯಿತು; ಬಳಿಕ ತೆಂಗಿನ ಮರಗಳು ಒಣಗಿದವು; ಕೊನೆಗೆ ಕೆರೆಯ ಕಟ್ಟೆಗಳು ಒಡೆದು, ಯಾರ ಕೆರೆ ಎಲ್ಲಿತ್ತೆಂದು ಗುರುತಿಲ್ಲದ ಒಂದೇ ನೀರಾಯಿತು. ದೆಮಾಕ್ ತೀರದ ಕೆಲವು ಭಾಗಗಳಲ್ಲಿ ಸಮುದ್ರವು ಒಂದು ಕಿಲೋಮೀಟರಿಗೂ ಹೆಚ್ಚಾಗಿ ಒಳಕ್ಕೆ ಬಂದಿದೆ. ಬೆದೊನೊ ಗ್ರಾಮದ ತಂಬಾಕ್‌ಸಾರಿ ಎಂಬ ಕೇರಿಯನ್ನು ೧೯೯೯ರ ಸುಮಾರಿಗೂ, ರೆಜೊಸಾರಿ ಸೆನಿಕ್ ಎಂಬ ಕೇರಿಯನ್ನು ೨೦೦೬ರಲ್ಲಿಯೂ ಬೇರೆ ಕಡೆಗೆ ಎಬ್ಬಿಸಬೇಕಾಯಿತು. ಬೆರಳೆಣಿಕೆಯ ಕುಟುಂಬಗಳು ಮಾತ್ರ ಬಿಟ್ಟುಹೋಗಲಾರದೆ ಉಳಿದವು.

ಈಗಿನ ಜೀವನ

ತಿಂಬುಲ್‌ಸ್ಲೊಕೊ ಕೇರಿಯಲ್ಲಿ ಉಳಿದವರು ವರ್ಷಗಳ ಕಾಲ ಮಣ್ಣು ಹೊತ್ತುತಂದು ಮನೆಯ ನೆಲವನ್ನು ಎತ್ತರಿಸಿದರು. ಎತ್ತರಿಸಿದಷ್ಟೂ ಅದು ತಗ್ಗಿತು. ನೆಲವು ಮೇಲೆದ್ದಿತಾದರೂ ಮಾಡು ಇದ್ದಲ್ಲಿಯೇ ಇದ್ದುದರಿಂದ, ಎಷ್ಟೋ ಮನೆಗಳಲ್ಲಿ ತಲೆಬಾಗದೆ ನಿಲ್ಲಲು ಸ್ಥಳವಿಲ್ಲ. ಈಗ ಅನೇಕರು ಮನೆಯೊಳಗೆ ಹಲಗೆಯ ಅಟ್ಟಣೆ ಹಾಕಿಕೊಂಡಿದ್ದಾರೆ. ಅದರ ಕೆಳಗೆ ಕಡಲಿನ ನೀರು ಆಡುತ್ತಿರುತ್ತದೆ. ಮನೆಯಿಂದ ಮನೆಗೆ ಹೋಗಲು ಕಂಬಗಳ ಮೇಲೆ ಮರದ ಕಾಲುದಾರಿಯನ್ನು ಮಾಡಲಾಗಿದೆ. ಸ್ಮಶಾನದೊಳಕ್ಕೂ ನೀರು ಬಂದುದರಿಂದ ಹಿರಿಯರ ಗೋರಿಗಳನ್ನು ಎತ್ತರಿಸಿ ಕಾಪಾಡಬೇಕಾಯಿತು. ಇಂಥ ಕೆಲಸಗಳನ್ನು ಆ ದೇಶದಲ್ಲಿ ‘ಗೊತೊಂಗ್ ರೊಯೊಂಗ್’ ಎಂಬ ಮುಯ್ಯಾಳಿನ ಪದ್ಧತಿಯಿಂದ ಊರವರೆಲ್ಲ ಕೂಡಿ ಮಾಡುವರು.

ಜೀವನೋಪಾಯವೂ ಬದಲಾಯಿತು. ಗದ್ದೆಯ ಯಜಮಾನನಾಗಿದ್ದವನು ಈಗ ತನ್ನ ಗದ್ದೆಯಿದ್ದ ಸ್ಥಳದಲ್ಲಿಯೇ ದೋಣಿಯಲ್ಲಿ ಕುಳಿತು ಸಣ್ಣ ಮೀನು, ಏಡಿಗಳನ್ನು ಹಿಡಿಯುತ್ತಾನೆ. ಕೆಲವರು ಬಿದಿರುಗಳನ್ನು ನೆಟ್ಟು ಹಸಿರು ಪಚ್ಚಿಲೆಯನ್ನು ಬೆಳೆಸುವರು. ಯುವಕರೂ ಯುವತಿಯರೂ ಸೆಮಾರಾಂಗ್ ಹೆದ್ದಾರಿಯ ಪಕ್ಕದ ಕಾರ್ಖಾನೆಗಳಿಗೆ ಕೂಲಿಗೆ ಹೋಗುವರು. ಭೂಮಿಯಿದ್ದವರಿಗೂ ಇಲ್ಲದವರಿಗೂ ಇದ್ದ ಭೇದವು ಹೀಗೆ ಅಳಿಸಿಹೋಯಿತು. ಅದು ಬಡವನು ಮೇಲೇರಿ ಅಳಿಸಿದ್ದಲ್ಲ.

ಬೇರೆ ಊರಿಗೆ ಹೋಗಬಾರದೇಕೆಂದು ಯಾರಾದರೂ ಕೇಳಬಹುದು. ಹೊಸ ನಿವೇಶನವನ್ನು ಕೊಳ್ಳುವುದಕ್ಕೆ ಹಣ ಬೇಕು. ಹಣಕ್ಕಾಗಿ ಹಳೆಯ ಜಮೀನನ್ನು ಮಾರಬೇಕು. ನೀರಿನ ಕೆಳಗಿನ ಜಮೀನನ್ನು ಕೊಳ್ಳುವವರಾರು? ಅದನ್ನು ಅಡವಿಟ್ಟು ಸಾಲ ತೆಗೆಯುವಂತೆಯೂ ಇಲ್ಲ.

ಕಾನೂನಿನ ಮಾತು

ಇಂಡೊನೇಷಿಯಾದ ಭೂಮಿಯ ಮೂಲ ಕಾನೂನು ೧೯೬೦ರ ಸೆಪ್ಟೆಂಬರ್ ೨೪ರಂದು ಜಾರಿಗೆ ಬಂದ ಐದನೆಯ ಕಾನೂನು. ಅದರ ೬ನೆಯ ವಿಧಿಯು ಭೂಮಿಯ ಮೇಲಿನ ಪ್ರತಿಯೊಂದು ಹಕ್ಕಿಗೂ ಸಾಮಾಜಿಕ ಹೊಣೆಯುಂಟೆಂದು ಸಾರುತ್ತದೆ. ೧೫ನೆಯ ವಿಧಿಯು ಭೂಮಿಯನ್ನು ಕೆಡದಂತೆ ಕಾಪಾಡುವುದು ಹಕ್ಕುದಾರನ ಕರ್ತವ್ಯವೆಂದು ಹೇಳುತ್ತದೆ. ೨೭ನೆಯ ವಿಧಿಯು ಮಾಲೀಕತ್ವದ ಹಕ್ಕು ಕೊನೆಗಾಣುವ ಸಂದರ್ಭಗಳನ್ನು ಎಣಿಸುವಾಗ, ಭೂಮಿಯು ನಾಶವಾದರೆ ಹಕ್ಕೂ ಹೋಯಿತೆಂದು ಸ್ಪಷ್ಟವಾಗಿ ವಿಧಿಸುತ್ತದೆ. ೨೦೨೧ರ ನಿಯಮದ ಪ್ರಕಾರ, ಪ್ರಕೃತಿಯ ಘಟನೆಯಿಂದ ಮೂಲರೂಪವು ಬದಲಾಗಿ, ಗುರುತಿಸುವುದಕ್ಕೂ ಉಪಯೋಗಿಸುವುದಕ್ಕೂ ಆಗದಂತಾದ ಭೂಮಿಯೇ ‘ನಾಶವಾದ ಭೂಮಿ’. ಅದನ್ನು ಪುನಃ ಕಟ್ಟಿಕೊಳ್ಳುವ ಮೊದಲ ಅವಕಾಶವು ಹಕ್ಕುದಾರನಿಗೇ ಇದೆ. ಆದರೆ ಕಡಲನ್ನು ತುಂಬಿ ನೆಲವನ್ನು ಎತ್ತುವ ಶಕ್ತಿ ಒಬ್ಬ ಒಕ್ಕಲಿಗನಿಗೆ ಎಲ್ಲಿಂದ ಬರಬೇಕು?

ಈ ವಿಧಿಗಳ ಭಾರವು ಸೆಮಾರಾಂಗಿನಿಂದ ದೆಮಾಕಿಗೆ ಹೊಸ ಸುಂಕದ ಹೆದ್ದಾರಿಯನ್ನು ಮಾಡುವಾಗ ತೀರದ ಜನರಿಗೆ ಗೊತ್ತಾಯಿತು. ಸುಮಾರು ೨೭ ಕಿಲೋಮೀಟರಿನ ಈ ಹೆದ್ದಾರಿಯ ಒಂದು ಭಾಗವನ್ನು ಸಮುದ್ರದ ತಡೆಗೋಡೆಯೂ ಆಗುವಂತೆ, ನೀರು ಆವರಿಸಿದ ಸ್ಥಳದಲ್ಲಿಯೇ ಯೋಜಿಸಲಾಯಿತು. ಸಾಯುಂಗಿನಿಂದ ದೆಮಾಕಿನ ವರೆಗಿನ ಭಾಗವು ೨೦೨೩ರಲ್ಲಿ ಸಂಚಾರಕ್ಕೆ ತೆರೆಯಿತು. ಒಣನೆಲವನ್ನು ಕಳೆದುಕೊಂಡವರಿಗೆ ಕಾನೂನಿನಂತೆ ಪರಿಹಾರದ ಹಕ್ಕುಂಟು. ಮುಳುಗಿದ ಜಮೀನಿನವರ ಕೈಯಲ್ಲಿ ಹಕ್ಕುಪತ್ರವಿದ್ದರೂ, ಭೂಮಿಯು ನಾಶವಾದದ್ದೆಂದು ನಿರ್ಣಯವಾದಾಗ ಪರಿಹಾರದ ಹಕ್ಕು ನಿಲ್ಲಲಿಲ್ಲ. ೨೦೨೨ರಲ್ಲಿ ಹೊರಟ ಅಧ್ಯಕ್ಷರ ಆಜ್ಞೆಯಿಂದ ಇಂಥವರಿಗೆ ದಯಾರ್ಥವಾಗಿ ಸಹಾಯಧನವನ್ನು ಕೊಡುವ ಏರ್ಪಾಡಾಯಿತು. ದಯೆಯಿಂದ ಬರುವ ಹಣವು ಒಳ್ಳೆಯದೇ. ಆದರೆ ಹಕ್ಕಿನಿಂದ ಕೇಳುವುದಕ್ಕೂ ದಯೆಯಿಂದ ಪಡೆಯುವುದಕ್ಕೂ ಎಷ್ಟು ಅಂತರವೆಂಬುದನ್ನು ಭೂಮಾಲೀಕರಿಗೆ ವಿವರಿಸಬೇಕಾದುದಿಲ್ಲ.

ತೀರವನ್ನು ಮರಳಿ ಕಟ್ಟುವ ಪ್ರಯತ್ನ

೨೦೧೫ರಿಂದ ೨೦೨೧ರ ವರೆಗೆ ದೆಮಾಕಿನ ಸುಮಾರು ೨೦ ಕಿಲೋಮೀಟರಿನ ತೀರದಲ್ಲಿ ಇಂಡೊನೇಷಿಯಾ ಸರಕಾರವೂ ಹಾಲೆಂಡಿನ ತಜ್ಞರೂ ಸೇರಿ ಒಂದು ಪ್ರಯೋಗವನ್ನು ನಡೆಸಿದರು. ಕಡಲಿನೊಳಗೆ ಎರಡು ಸಾಲು ಗೂಟಗಳನ್ನು ನೆಟ್ಟು ನಡುವೆ ರೆಂಬೆಕೊಂಬೆಗಳನ್ನು ಒತ್ತಾಗಿ ತುಂಬಿದರು. ಇದು ಗೋಡೆಯಲ್ಲ, ಸಂದುಗಳುಳ್ಳ ಬೇಲಿ. ಅಲೆಯು ಇದರೊಳಗೆ ನುಗ್ಗುವಾಗ ರಭಸವನ್ನು ಕಳೆದುಕೊಳ್ಳುತ್ತದೆ. ನೀರಿನಲ್ಲಿದ್ದ ಮಣ್ಣು ಹಿಂಬದಿಯಲ್ಲಿ ತಳಕ್ಕಿಳಿಯುತ್ತದೆ. ಮಣ್ಣು ಸಾಕಷ್ಟು ಎತ್ತರವಾದಾಗ ಕಾಂಡ್ಲಾದ ಬೀಜಗಳು ತೇಲಿಬಂದು ತಾವಾಗಿಯೇ ಬೇರೂರುತ್ತವೆ. ಕೆಲವು ಕೆರೆಗಳ ಒಡೆಯರು ಕಡಲಿಗೆ ಮುಖವಾದ ಕೆರೆಗಳನ್ನೂ, ಹೊಳೆಯ ದಂಡೆಯ ಕೆರೆಗಳಲ್ಲಿ ಒಂದೊಂದು ಪಾಲನ್ನೂ ಗಿಡಗಳಿಗಾಗಿ ಬಿಟ್ಟುಕೊಟ್ಟರು. ಅದಕ್ಕೆ ಪ್ರತಿಯಾಗಿ ಊರಿನ ಸಂಘಗಳಿಗೆ ಹಣದ ಸಹಾಯವೂ, ಕಡಮೆ ಖರ್ಚಿನಿಂದ ಮೀನು ಸೀಗಡಿ ಬೆಳೆಸುವ ಶಿಕ್ಷಣವೂ ದೊರೆಯಿತು.

ಈ ಪ್ರಯೋಗವು ಕೆಲವು ಸ್ಥಳಗಳಲ್ಲಿ ಫಲಿಸಿತು, ಕೆಲವು ಸ್ಥಳಗಳಲ್ಲಿ ಫಲಿಸಲಿಲ್ಲ. ಮರ ಕೊರೆಯುವ ಕಡಲಿನ ಹುಳುಗಳು ಗೂಟಗಳನ್ನು ತಿಂದವು. ವರ್ಷವರ್ಷವೂ ದುರಸ್ತಿ ಬೇಕಾಯಿತು. ಅದಕ್ಕಿಂತ ಮಿಗಿಲಾಗಿ, ನೆಲವು ಬೇಗ ಕುಸಿಯುತ್ತಿದ್ದ ಕಡೆಗಳಲ್ಲಿ, ಹಿಡಿದ ಮಣ್ಣೂ ಹುಟ್ಟಿದ ಗಿಡವೂ ನೆಲದೊಡನೆಯೇ ಇಳಿದುಹೋದವು. ಆಳದ ನೀರನ್ನು ಎತ್ತುವುದು ನಿಲ್ಲದ ಹೊರತು ತೀರದ ಬೇಲಿಯೊಂದರಿಂದಲೇ ಊರು ಉಳಿಯಲಾರದೆಂದು ಇದರಿಂದ ಸಿದ್ಧವಾಯಿತು.

ಗ್ರಾಮಪ್ರಮುಖರು ಗಮನಿಸತಕ್ಕ ಅಂಶಗಳು

ಮೊದಲನೆಯದಾಗಿ, ಭೂಮಿಯ ಬೆಲೆಯು ಅದರ ನಾಲ್ಕು ಎಲ್ಲೆಗಳೊಳಗೆ ಮಾತ್ರ ಇರುವುದಿಲ್ಲ. ತಿಂಬುಲ್‌ಸ್ಲೊಕೊದ ಗದ್ದೆಗಳನ್ನು ಹಿಡಿದುನಿಲ್ಲಿಸಿದ್ದವು ಯಾರ ಖಾತೆಯಲ್ಲಿಯೂ ಇಲ್ಲದ ಮೂರು ವಸ್ತುಗಳು: ತೀರದ ಕಾಡು, ಹೊಳೆಯ ಮಣ್ಣು, ನೆಲದಡಿಯ ನೀರು. ಇವು ಯಾರ ಸೊತ್ತೂ ಅಲ್ಲವೆಂದು ಎಲ್ಲರೂ ಉಪೇಕ್ಷಿಸಿದರೆ, ಎಲ್ಲರ ಸೊತ್ತೂ ಹೋಗುತ್ತದೆ. ಇವುಗಳ ಕಾವಲು ಒಬ್ಬ ರೈತನಿಂದ ಆಗತಕ್ಕದ್ದಲ್ಲ. ಅದು ಗ್ರಾಮದ ಹಿರಿಯರ ಕೆಲಸ.

ಎರಡನೆಯದಾಗಿ, ಭತ್ತದ ನೆಲಕ್ಕೆ ಉಪ್ಪುನೀರನ್ನು ಬಿಡುವ ಮುನ್ನ ಒಂದೆರಡು ವರ್ಷಗಳ ಲಾಭವನ್ನಲ್ಲ, ಮಕ್ಕಳ ಕಾಲದ ಸ್ಥಿತಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಸೀಗಡಿಯ ಲಾಭವು ಕೆಲವು ವರ್ಷಗಳಲ್ಲಿ ಬಂದು ಹೋಯಿತು. ಹೋದ ಗದ್ದೆಯು ಮರಳಲಿಲ್ಲ.

ಮೂರನೆಯದಾಗಿ, ಕೊರೆತವು ಕಂಡ ಮೊದಲ ವರ್ಷದಲ್ಲಿಯೇ ಜಮೀನುಗಳನ್ನು ಅಳತೆಮಾಡಿಸಿ, ಎಲ್ಲೆಯ ಗುರುತುಗಳನ್ನು ದಾಖಲೆಗೆ ಸೇರಿಸಿ, ಮೇಲಿನ ಅಧಿಕಾರಿಗಳಿಗೆ ಬರೆದು ತಿಳಿಸಬೇಕು. ಬಾಂದುಕಲ್ಲು ಕಾಣುತ್ತಿರುವಾಗ ಆಡುವ ಮಾತಿಗಿರುವ ತೂಕವು ಅದು ಮುಳುಗಿದ ಮೇಲೆ ಆಡುವ ಮಾತಿಗಿಲ್ಲ.

ಹಕ್ಕುಪತ್ರವು ಮನುಷ್ಯನಿಂದ ಮನುಷ್ಯನಿಗೆ ಭೂಮಿಯನ್ನು ಕಾಪಾಡಿಕೊಡಬಲ್ಲುದು. ದಾಯಾದಿಯು ತಕರಾರು ಮಾಡಿದರೆ ಅದನ್ನು ತೋರಿಸಬಹುದು. ನೆರೆಯವನು ಬದು ಒತ್ತಿದರೆ ಅದನ್ನು ಹಿಡಿದು ನ್ಯಾಯಸ್ಥಾನಕ್ಕೆ ಹೋಗಬಹುದು. ಕಡಲು ಆ ಕಾಗದವನ್ನು ಓದುವುದಿಲ್ಲ. ಅದರೆದುರಿಗೆ ನಿಲ್ಲತಕ್ಕವು ಗಿಡಗಳ ಬೇರುಗಳು ಮತ್ತು ಊರಿನವರ ಒಮ್ಮತ. ಇವೆರಡನ್ನೂ ನೀರು ಅಂಗಳಕ್ಕೆ ಬರುವ ಮೊದಲೇ ಬೆಳೆಸಿಟ್ಟುಕೊಂಡಿರಬೇಕು.